ಕೆಲಸ ಹಂಚುವ ಮುನ್ನ: ಸಂಘ, ಸಮಿತಿ, ತಂಡ ನಡೆಸುವವರಿಗೆ ಕೆಲವು ಕ್ರಮಗಳು

ಬೆಂಗಳೂರಿನಲ್ಲಿ ಯಾವ ಗುಂಪಿಗೂ ಸೇರದೆ ಉಳಿದವರು ಕಡಿಮೆ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ, ಬಡಾವಣೆಯ ಕನ್ನಡ ಸಂಘ, ಕಚೇರಿಯ ತಂಡ, ಭಾನುವಾರ ಕೆರೆ ದಂಡೆ ಸ್ವಚ್ಛ ಮಾಡುವ ಬಳಗ, ಶಾಲೆಯ ಪೋಷಕರ ಸಮಿತಿ, ಇವುಗಳಲ್ಲಿ ಒಂದರಲ್ಲಾದರೂ ನಮ್ಮ ಹೆಸರಿರುತ್ತದೆ. ಇಂಥ ಕಡೆ ಕಾರ್ಯದರ್ಶಿಯ ಹೊಣೆ ಹೊತ್ತವರೆಲ್ಲರೂ ಬಲ್ಲ ಸಂಗತಿಯೊಂದಿದೆ: ಸಭೆಯಲ್ಲಿ ಇಪ್ಪತ್ತು ಕೈಗಳು ಮೇಲೇಳುತ್ತವೆ, ಕಾರ್ಯಕ್ರಮದ ಹಿಂದಿನ ರಾತ್ರಿ ಕುರ್ಚಿ ಜೋಡಿಸಲು ಮೂವರು ಉಳಿಯುತ್ತಾರೆ. ‘ಈ ಊರಿನವರಿಗೆ ಪುರುಸೊತ್ತಿಲ್ಲ, ಆಸಕ್ತಿಯೂ ಇಲ್ಲ’ ಎಂದು ಗೊಣಗುವುದು ಸುಲಭ. ಆದರೆ ಹಾಗೆ ಕಾಣದೆ ಹೋದವರೇ ತಮ್ಮ ಕಚೇರಿಯಲ್ಲಿಯೋ ಊರಿನ ಜಾತ್ರೆಯಲ್ಲಿಯೋ ಬೆವರು ಸುರಿಸಿ ದುಡಿಯುತ್ತಿರುತ್ತಾರೆ. ಹೀಗಿರುವಾಗ ದೋಷವನ್ನು ಜನರ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಕೆಲಸ ಹಂಚಿದ ರೀತಿಯಲ್ಲಿ ಹುಡುಕುವುದು ಹೆಚ್ಚು ಫಲ ಕೊಡುತ್ತದೆ.

ಗುಂಪು ಒಬ್ಬ ವ್ಯಕ್ತಿಯ ಕೆಲಸದ ಮೇಲೆ ಬೀರುವ ಪ್ರಭಾವವನ್ನು ಮನೋವಿಜ್ಞಾನಿಗಳು ನೂರು ವರ್ಷಕ್ಕೂ ಮಿಗಿಲಾಗಿ ಅಳೆಯುತ್ತ ಬಂದಿದ್ದಾರೆ. ಆ ಅಧ್ಯಯನಗಳಿಂದ ಕೆಲಸ ಹಂಚುವವರು ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು. ಈ ಕೆಲಸ ಮಾಡುವವರಿಗೆ ಇದು ರೂಢಿಯಾದದ್ದೋ, ಇನ್ನೂ ಕಲಿಯುತ್ತಿರುವುದೋ? ಕೆಲಸ ಮುಗಿದ ಮೇಲೆ ಅವರ ಪಾಲು ಬೇರೆಯಾಗಿ ಕಾಣುತ್ತದೆಯೋ, ಒಟ್ಟು ರಾಶಿಯಲ್ಲಿ ಕರಗಿಹೋಗುತ್ತದೆಯೋ? ಎಷ್ಟು ಜನ ಬೇಕು ಎಂಬ ಪ್ರಶ್ನೆ ಇವೆರಡರ ನಂತರದ್ದು.

ರೂಢಿಯಾದ ಕೆಲಸ, ಕಲಿಯುತ್ತಿರುವ ಕೆಲಸ

1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬವರು ಸೈಕಲ್ ಸ್ಪರ್ಧೆಯ ದಾಖಲೆಗಳನ್ನು ಪರಿಶೀಲಿಸಿ, ಒಂಟಿಯಾಗಿ ಗಡಿಯಾರದೊಂದಿಗೆ ಪೈಪೋಟಿ ನಡೆಸುವವರಿಗಿಂತ ಜೊತೆಗಾರರಿದ್ದವರು ವೇಗವಾಗಿ ಓಡಿಸುತ್ತಾರೆಂದು ಗಮನಿಸಿದರು. ಆಮೇಲೆ ಅವರು ಮಕ್ಕಳ ಕೈಗೆ ಮೀನಿನ ಗಾಳದ ರಾಟೆ ಕೊಟ್ಟು, ಒಬ್ಬರೇ ಇರುವಾಗ ಮತ್ತು ಪಕ್ಕದಲ್ಲಿ ಇನ್ನೊಂದು ಮಗು ಇರುವಾಗ ಎಷ್ಟು ಬೇಗ ಸುತ್ತುತ್ತಾರೆಂದು ನೋಡಿದರು. ಈ ಪ್ರಯೋಗವನ್ನು ‘ಜೊತೆಯಿದ್ದರೆ ವೇಗ ಹೆಚ್ಚುತ್ತದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ರೂಢಿ. ಆದರೆ 40 ಮಕ್ಕಳಲ್ಲಿ ವೇಗ ಹೆಚ್ಚಿದ್ದು ಅರ್ಧದಷ್ಟು ಮಕ್ಕಳಿಗೆ ಮಾತ್ರ. ಇನ್ನು ಕೆಲವರಿಗೆ ವ್ಯತ್ಯಾಸವಾಗಲಿಲ್ಲ, ಮತ್ತೆ ಕೆಲವರು ಗಡಿಬಿಡಿಯಲ್ಲಿ ನಿಧಾನವಾದರು. ಕೆಲಸ ಹಂಚುವವರು ನೆನಪಿಡಬೇಕಾದದ್ದು ಈ ಕೊನೆಯ ಮಕ್ಕಳನ್ನು.

ಒಂದೇ ಪರಿಸ್ಥಿತಿ ಕೆಲವರನ್ನು ಮುಂದಕ್ಕೂ ಕೆಲವರನ್ನು ಹಿಂದಕ್ಕೂ ತಳ್ಳುವುದೇಕೆಂಬುದಕ್ಕೆ ರಾಬರ್ಟ್ ಝಯಾನ್ಸ್ 1965ರಲ್ಲಿ ಒಂದು ವಿವರಣೆ ಕೊಟ್ಟರು. ಇತರರ ಇರವು ನಮ್ಮನ್ನು ಎಚ್ಚರದ, ಉದ್ವೇಗದ ಸ್ಥಿತಿಗೆ ತರುತ್ತದೆ. ಆ ಸ್ಥಿತಿಯಲ್ಲಿ ನಮಗೆ ಯಾವುದು ಸಲೀಸೋ ಅದೇ ಹೊರಬರುತ್ತದೆ. ಚೆನ್ನಾಗಿ ಕಲಿತ ಕೆಲಸದಲ್ಲಿ ಸಲೀಸಾದದ್ದೇ ಸರಿಯಾದದ್ದಾಗಿರುವುದರಿಂದ ಕೆಲಸ ಇನ್ನಷ್ಟು ಚುರುಕಾಗುತ್ತದೆ, ಹೊಸ ಕೆಲಸದಲ್ಲಿ ಸಲೀಸಾಗಿ ಬರುವುದು ತಪ್ಪೇ ಆಗಿರುವುದರಿಂದ ತಪ್ಪುಗಳು ಹೆಚ್ಚುತ್ತವೆ. 1969ರಲ್ಲಿ ಅವರೂ ಸಂಗಡಿಗರೂ ಇದನ್ನು ಜಿರಲೆಗಳ ಮೇಲೆ ಪರೀಕ್ಷಿಸಿದರು: ಬೇರೆ ಜಿರಲೆಗಳು ನೋಡುತ್ತಿರುವಾಗ ನೇರ ದಾರಿಯಲ್ಲಿ ಓಡುವ ಜಿರಲೆ ವೇಗವಾಯಿತು, ಕವಲುಗಳಿದ್ದ ದಾರಿಯಲ್ಲಿ ಓಡಬೇಕಾದದ್ದು ನಿಧಾನವಾಯಿತು. ಪ್ರೇಕ್ಷಕರೆದುರು ಜಿರಲೆಯೂ ತಬ್ಬಿಬ್ಬಾಗುತ್ತದೆಂಬುದು ವೇದಿಕೆಗೆ ಹೆದರುವವರಿಗೆ ಸ್ವಲ್ಪ ಸಮಾಧಾನ ಕೊಡಬಹುದು. 1982ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಪೂಲ್ (ಬಿಲಿಯರ್ಡ್ಸ್‌ನಂಥ) ಆಟದ ಮೇಜುಗಳ ಬಳಿ ನಡೆದ ಸಣ್ಣ ಅಧ್ಯಯನದಲ್ಲಿ, ನಾಲ್ವರು ಬಂದು ನಿಂತು ನೋಡತೊಡಗಿದಾಗ ಪಳಗಿದ ಆಟಗಾರರ ಗುರಿ ತಲುಪಿದ ಹೊಡೆತಗಳ ಪ್ರಮಾಣ ಶೇ 71ರಿಂದ 80ಕ್ಕೆ ಏರಿತು, ಕಚ್ಚಾ ಆಟಗಾರರದು ಶೇ 36ರಿಂದ 25ಕ್ಕೆ ಇಳಿಯಿತು.

ಆದ್ದರಿಂದ ಯಾವುದೇ ಕೆಲಸ ಒಪ್ಪಿಸುವ ಮುನ್ನ, ಈ ವ್ಯಕ್ತಿ ಇದನ್ನು ಬೇರೆ ಏನನ್ನೋ ಮಾತಾಡುತ್ತ ಮಾಡಬಲ್ಲರೇ ಎಂದು ನಿಮ್ಮಲ್ಲೇ ಕೇಳಿಕೊಳ್ಳಿ. ಮಾಡಬಲ್ಲರೆಂದಾದರೆ ಆ ಕೆಲಸ ಅವರಿಗೆ ರೂಢಿಯಾಗಿದೆ. ಅವರನ್ನು ನಾಲ್ಕು ಜನರ ನಡುವೆ ಕೂರಿಸಿ. ಕಬ್ಬನ್ ಪಾರ್ಕಿನಲ್ಲಿ ಬೆಳಗ್ಗೆ ಬಳಗದ ಜೊತೆ ಓಡುವವರು ಒಂಟಿಯಾಗಿ ಓಡುವಾಗಿಗಿಂತ ಒಂದು ಸುತ್ತು ಹೆಚ್ಚು ಹಾಕುವುದು, ಮದುವೆ ಮನೆಯಲ್ಲಿ ಮೂರ್ನಾಲ್ಕು ಹೆಂಗಸರು ಸೇರಿ ಕುಳಿತರೆ ಹೂಕಟ್ಟುವ ಕೆಲಸ ಬೇಗ ಮುಗಿಯುವುದು ಇದೇ ಕಾರಣದಿಂದ. ಮಾಡಲಾರರೆಂದಾದರೆ ಅವರಿಗೆ ಬೇಕಾದದ್ದು ಒಂದು ಮೂಲೆ, ಮುಚ್ಚಿದ ಬಾಗಿಲು ಮತ್ತು ಕೇಳಿದಾಗ ಹೇಳಿಕೊಡಲು ಒಬ್ಬರು. ಸಂಘದ ಲೆಕ್ಕ ಬರೆಯಲು ಹೊಸ ತಂತ್ರಾಂಶ ಕಲಿಯುತ್ತಿರುವ ಖಜಾಂಚಿಯ ಬೆನ್ನ ಹಿಂದೆ ಸಮಿತಿಯ ಸದಸ್ಯರು ನಿಂತು ‘ಅಲ್ಲಲ್ಲ, ಆ ಕಾಲಂನಲ್ಲಿ ಹಾಕಿ’ ಎನ್ನುತ್ತಿದ್ದರೆ ಅವರು ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ ತೆಗೆದುಕೊಳ್ಳುತ್ತಾರೆ, ಮುಂದಿನ ವರ್ಷ ಆ ಹುದ್ದೆಯೇ ಬೇಡವೆನ್ನುತ್ತಾರೆ.

ರಾಜ್ಯೋತ್ಸವದಂಥ ಕಾರ್ಯಕ್ರಮಗಳಲ್ಲಿ ಇವೆರಡು ಬಗೆಯ ಕೆಲಸಗಳು ಬೆರೆತಿರುತ್ತವೆ. ಮೊದಲ ಸಲ ನಿರೂಪಣೆ ಮಾಡುವ ಹುಡುಗಿಯನ್ನು ಮೊದಲ ದಿನವೇ ಮೈಕಿನ ಮುಂದೆ ನಿಲ್ಲಿಸಿ, ಇಡೀ ಸಮಿತಿ ಕುಳಿತು ತಿದ್ದುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದರ ಬದಲು ಅವಳು ಮೊದಲು ಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಓದಲಿ, ಆಮೇಲೆ ತಾಯಿಯ ಎದುರೋ ಗೆಳತಿಯ ಎದುರೋ ಹೇಳಲಿ, ಮೂರನೆಯ ಹಂತದಲ್ಲಿ ನಾಲ್ಕೈದು ಜನ ಕೇಳಲಿ, ಕೊನೆಗೆ ಕ್ಲಬ್‌ಹೌಸಿನ ವೇದಿಕೆಯಲ್ಲಿ ಮೈಕು ಹಾಕಿ ಅಭ್ಯಾಸ ಮಾಡಲಿ. ಮಾತು ಬಾಯಿಗೆ ಕೂತ ಮೇಲೆ ಬರುವ ಪ್ರೇಕ್ಷಕರು ಅವಳಿಗೆ ಬಲವಾಗುತ್ತಾರೆ. ಇನ್ನೊಂದು ಕಡೆ, ಪ್ರತಿವರ್ಷ ಡೊಳ್ಳು ಬಾರಿಸುವ ತಂಡಕ್ಕೆ ಖಾಲಿ ಸಭಾಂಗಣದಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದರಿಂದ ಹೆಚ್ಚೇನೂ ಆಗದು. ಆ ತಂಡಕ್ಕೆ ಜನ ಬೇಕು.

ಪ್ರತಿಯೊಬ್ಬರ ಪಾಲು ಬೇರೆಯಾಗಿ ಕಾಣಲಿ

ತೇರಿನ ಹಗ್ಗ ಹಿಡಿದವರೆಲ್ಲ ತೇರನ್ನು ಎಳೆಯುತ್ತಿರುವುದಿಲ್ಲವೆಂಬುದು ರಥೋತ್ಸವ ನೋಡಿದವರಿಗೆಲ್ಲ ಗೊತ್ತು. ಇದನ್ನು ಅಂಕಿಗಳಲ್ಲಿ ಹಿಡಿದವರು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್. 1880ರ ದಶಕದಲ್ಲಿ ನಡೆಸಿ 1913ರಲ್ಲಿ ಪ್ರಕಟಿಸಿದ ಅವರ ಹಗ್ಗ ಎಳೆಯುವ ಪ್ರಯೋಗಗಳ ಪ್ರಕಾರ, ಒಬ್ಬರೇ ಎಳೆಯುವಾಗಿನ ಬಲವನ್ನು ನೂರೆಂದು ಹಿಡಿದರೆ ಇಬ್ಬರಾದಾಗ ತಲಾ 93, ಮೂವರಾದಾಗ 85, ಎಂಟು ಮಂದಿಯಾದಾಗ 49. ಎಂಟು ಜನ ಒಟ್ಟಾಗಿ ಎಳೆದದ್ದು ನಾಲ್ಕು ಜನ ಬೇರೆಬೇರೆಯಾಗಿ ಎಳೆಯಬಲ್ಲಷ್ಟನ್ನು ಮಾತ್ರ.

ಇಷ್ಟೂ ನಷ್ಟ ಸೋಮಾರಿತನದ್ದಲ್ಲ. ಎಲ್ಲರೂ ಒಂದೇ ಕ್ಷಣದಲ್ಲಿ, ಒಂದೇ ದಿಕ್ಕಿನಲ್ಲಿ ಎಳೆಯದಿದ್ದರೂ ಬಲ ವ್ಯರ್ಥವಾಗುತ್ತದೆ. ಈ ಎರಡನ್ನು ಬೇರ್ಪಡಿಸಲು 1974ರಲ್ಲಿ ಅಲನ್ ಇಂಗಮ್ ಮತ್ತು ಸಂಗಡಿಗರು ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಹಗ್ಗದ ಮುಂದಿನ ತುದಿಯಲ್ಲಿ ನಿಲ್ಲಿಸಿ, ಹಿಂದೆ ಇನ್ನೂ ಜನರಿದ್ದಾರೆಂದು ನಂಬಿಸಿದರು. ಹಿಂದೆ ಎಳೆಯುವವರು ಯಾರೂ ಇರಲಿಲ್ಲ, ಆದರೂ ಅವರ ಬಲ ಇಳಿಯಿತು. 1979ರಲ್ಲಿ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಬಿಬ್ ಲಾಟನೆ, ಕಿಪ್ಲಿಂಗ್ ವಿಲಿಯಮ್ಸ್, ಸ್ಟೀಫನ್ ಹಾರ್ಕಿನ್ಸ್ ಇದನ್ನೇ ಕೂಗುವ ಕೆಲಸದಲ್ಲಿ ನೋಡಿದರು. ತನ್ನೊಂದಿಗೆ ಇನ್ನೊಬ್ಬರು ಕೂಗುತ್ತಿದ್ದಾರೆಂದು ನಂಬಿದವರು ತಮ್ಮ ಶಕ್ತಿಯ ಶೇ 82ರಷ್ಟು ಕೂಗಿದರು, ಐವರು ಕೂಗುತ್ತಿದ್ದಾರೆಂದು ನಂಬಿದವರು ಶೇ 74ರಷ್ಟು. ಎರಡು ವರ್ಷಗಳ ನಂತರ ಇವರೇ ನಡೆಸಿದ ಪ್ರಯೋಗ ನಮಗೆ ಹೆಚ್ಚು ಉಪಯೋಗದ್ದು: ಪ್ರತಿಯೊಬ್ಬರ ದನಿಯನ್ನೂ ಬೇರೆಯಾಗಿ ಅಳೆಯಲಾಗುತ್ತಿದೆಯೆಂದು ತಿಳಿದಾಗ, ಗುಂಪಿನಲ್ಲಿದ್ದರೂ ಯಾರೂ ದನಿ ತಗ್ಗಿಸಲಿಲ್ಲ. ಈ ಪ್ರಯೋಗಗಳಲ್ಲಿ ಬಹುಪಾಲು ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆದವು. 1993ರಲ್ಲಿ 78 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪೂರ್ವದೇಶಗಳವರಲ್ಲಿಯೂ ಮಹಿಳೆಯರಲ್ಲಿಯೂ ಈ ಇಳಿಕೆ ಕಡಿಮೆಯಿತ್ತು. ಹಾಗಾಗಿ ಅಂಕಿಗಳನ್ನು ಹಾಗೆಯೇ ತಂದು ನಮ್ಮ ಸಂಘಕ್ಕೆ ಅಂಟಿಸದೆ, ಅವು ತೋರಿಸುವ ದಿಕ್ಕನ್ನು ಮಾತ್ರ ಹಿಡಿಯುವುದು ಒಳ್ಳೆಯದು.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತೇವೆ. ಆ ಮಾತು ನಿಜವಾಗಬೇಕಾದರೆ ಪ್ರತಿಯೊಬ್ಬರೂ ತಂದ ಕಡ್ಡಿ ಎಣಿಕೆಗೆ ಸಿಗಬೇಕು. ನಿವಾಸಿಗಳ ಗುಂಪಿಗೆ ಸಾಮಾನ್ಯವಾಗಿ ಹೋಗುವ ಸಂದೇಶ ಹೀಗಿರುತ್ತದೆ: ‘ನವೆಂಬರ್ 1ರ ಕಾರ್ಯಕ್ರಮಕ್ಕೆ ಎಲ್ಲರೂ ಕೈಜೋಡಿಸಬೇಕೆಂದು ವಿನಂತಿ. ಸ್ವಯಂಸೇವಕರು ಹೆಸರು ಕೊಡಿ.’ ಇದಕ್ಕೆ ಮೂವತ್ತು ಹೆಬ್ಬೆರಳುಗಳು, ಹತ್ತು ನಮಸ್ಕಾರದ ಚಿತ್ರಗಳು ಬರುತ್ತವೆ. ಅದೇ ಸಂದೇಶ ಒಬ್ಬರಿಗೆ ನೇರವಾಗಿ ಹೀಗೆ ಹೋಗಲಿ: ‘ಬಿ ಬ್ಲಾಕ್ 304ರ ಮೇಡಂ, ಅಕ್ಟೋಬರ್ 31ರ ಸಂಜೆ 6 ಗಂಟೆಗೆ ಶಾಮಿಯಾನದವರು ಬರುತ್ತಾರೆ. ಕಂಬ ಎಲ್ಲೆಲ್ಲಿ ನಿಲ್ಲಿಸಬೇಕೆಂದು ತೋರಿಸುವುದು, ಕುರ್ಚಿ ಎಣಿಸಿಕೊಳ್ಳುವುದು ನಿಮ್ಮ ಕೆಲಸ. ಚಲನ್ನಿನ ಫೋಟೊ ತೆಗೆದು ಖಜಾಂಚಿಗೆ ಕಳಿಸಿಬಿಡಿ. ಆಗುವುದಿಲ್ಲವೆಂದಾದರೆ 26ರೊಳಗೆ ಹೇಳಿ, ಬೇಜಾರಿಲ್ಲ, ಬೇರೆಯವರನ್ನು ನೋಡುತ್ತೇನೆ.’

ಈ ಎರಡನೆಯ ಸಂದೇಶದಲ್ಲಿ ಕೆಲಸ ಯಾರದು, ಯಾವಾಗ, ಎಷ್ಟು, ಮುಗಿದದ್ದು ಹೇಗೆ ತಿಳಿಯುತ್ತದೆ ಎಂಬುದೆಲ್ಲ ಇದೆ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಮುಖದ ಮೇಲೆ ಆಗುವುದಿಲ್ಲವೆನ್ನುವುದು ಒರಟುತನವೆನಿಸಿಕೊಳ್ಳುವುದರಿಂದ ಜನ ‘ಆಯ್ತು ಸಾರ್, ನೋಡೋಣ’ ಎಂದುಬಿಡುತ್ತಾರೆ, ಕೇಳಿದವರು ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುತ್ತಾರೆ. ನಿರಾಕರಿಸಲು ಗೌರವದ ದಾರಿಯೊಂದನ್ನು ನೀವೇ ತೆರೆದಿಟ್ಟರೆ, ಉಳಿದ ‘ಆಯ್ತು’ಗಳನ್ನು ನಂಬಬಹುದು.

ಇದೇ ತತ್ತ್ವ ಈ ಊರಿನ ನೀರಿನ ಖರ್ಚಿಗೆ ಅನ್ವಯಿಸುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಅನ್ವಯಿಸದು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕಾವೇರಿ ನೀರು, ಬೋರ್‌ವೆಲ್, ಟ್ಯಾಂಕರ್ ಎಲ್ಲ ಒಂದೇ ಸಂಪಿಗೆ ಸೇರುತ್ತವೆ, ಒಟ್ಟು ಖರ್ಚನ್ನು ಚದರಡಿ ಲೆಕ್ಕದಲ್ಲಿ ಮೇಂಟೆನೆನ್ಸಿಗೆ ಸೇರಿಸಲಾಗುತ್ತದೆ. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವ ಮನೆಯೂ ಅರ್ಧ ಗಂಟೆ ಶವರ್ ಬಿಡುವ ಮನೆಯೂ ಒಂದೇ ಅಳತೆಯವಾದರೆ ಇಬ್ಬರೂ ಕೊಡುವುದು ಒಂದೇ ಮೊತ್ತ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಬೋರ್‌ವೆಲ್‌ಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಅಂಗಳದಲ್ಲಿ ತೊಳೆಯುವ ಕಾರು ಕಣ್ಣಿಗೆ ಬೀಳುತ್ತದೆ, ಬಚ್ಚಲುಮನೆಯ ನಲ್ಲಿ ಬೀಳುವುದಿಲ್ಲ. ಮನೆಮನೆಗೂ ಮೀಟರ್ ಹಾಕಿ ಅವರವರ ಬಳಕೆಯನ್ನು ಅವರವರ ಬಿಲ್ಲಿನಲ್ಲಿಯೇ ತೋರಿಸುವುದು ‘ನೀರು ಉಳಿಸಿ’ ಎಂದು ಲಿಫ್ಟಿನಲ್ಲಿ ಅಂಟಿಸುವ ಚೀಟಿಗಿಂತ ಗಟ್ಟಿಯಾದ ಕ್ರಮ.

ಹಳೆಯ ಕಟ್ಟಡಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಅಡುಗೆಮನೆಗೊಂದು, ಒಂದೊಂದು ಬಚ್ಚಲುಮನೆಗೂ ಒಂದೊಂದು ಎಂದು ಪ್ರತ್ಯೇಕ ಪೈಪುಗಳು ಮೇಲಿನಿಂದ ಇಳಿದಿರುವುದರಿಂದ ಒಂದು ಮನೆಗೆ ಮೂರೋ ನಾಲ್ಕೋ ಮೀಟರ್ ಬೇಕಾಗುತ್ತದೆ, ಖರ್ಚು ನೋಡಿ ಸರ್ವಸದಸ್ಯರ ಸಭೆ ಕೈಬಿಡುತ್ತದೆ. ಅಲ್ಲಿ ಓವರ್‌ಹೆಡ್ ಟ್ಯಾಂಕಿನ ಮಟ್ಟದಲ್ಲಿ ಬ್ಲಾಕಿಗೊಂದು ಮೀಟರ್ ಹಾಕಿ, ವಾರಕ್ಕೊಮ್ಮೆ ಆಯಾ ಬ್ಲಾಕಿನ ಬಳಕೆಯನ್ನು ನೋಟಿಸ್ ಬೋರ್ಡಿನಲ್ಲಿ ಬರೆಯಬಹುದು. ನೂರಿಪ್ಪತ್ತು ಮನೆಗಳ ರಾಶಿಯಲ್ಲಿ ಕರಗುತ್ತಿದ್ದ ಪಾಲು ಹದಿನೈದು ಇಪ್ಪತ್ತು ಮನೆಗಳ ನಡುವೆ ಅಷ್ಟು ಸುಲಭವಾಗಿ ಕರಗದು.

ಇಲ್ಲಿ ಮೊದಲಿನ ಮಾತಿಗೂ ಈ ಮಾತಿಗೂ ಒಂದು ತೊಡಕು ಬರುತ್ತದೆ. ಪಾಲು ಕಾಣಬೇಕೆಂದು ಹೊರಟವರು ಪ್ರತಿಯೊಬ್ಬರ ಮೇಲೂ ಕಣ್ಣಿಟ್ಟು ಕೂತರೆ, ಕಲಿಯುತ್ತಿರುವವರು ಆ ಕಣ್ಣಿಗೇ ಹೆದರಿ ಎಡವುತ್ತಾರೆ. ಕಚೇರಿಗಳಲ್ಲಿ ದಿನಕ್ಕೆರಡು ಸಲ ‘ಎಲ್ಲಿಗೆ ಬಂತು’ ಎಂದು ಕೇಳುವ ಮೇಲಧಿಕಾರಿ ಹಳಬರನ್ನು ಚುರುಕುಗೊಳಿಸಬಹುದು, ಹೊಸಬರನ್ನು ಮಾತ್ರ ಕೆಡಿಸುತ್ತಾರೆ. ಇದಕ್ಕೆ ನಾನು ಸೂಚಿಸುವ ಕ್ರಮ ಇಷ್ಟೆ: ಹೊಸಬರ ವಿಷಯದಲ್ಲಿ ಮುಗಿದ ಕೆಲಸ ಕಾಣಲಿ, ಮಾಡುತ್ತಿರುವುದು ಕಾಣದಿರಲಿ. ಗುರುವಾರದೊಳಗೆ ಇಂಥದ್ದು ಕೈಸೇರಬೇಕೆಂದು ಹೇಳಿ, ಗುರುವಾರದ ತನಕ ಅವರ ಪಾಡಿಗೆ ಬಿಡಿ, ಸಂದೇಹ ಬಂದರೆ ಯಾರನ್ನು ಕೇಳಬೇಕೆಂಬುದನ್ನು ಮೊದಲೇ ತಿಳಿಸಿ. ಯಾರು ಎಷ್ಟು ಮಾಡಿದರೆಂದು ಮೊದಲ, ಎರಡನೆಯ, ಕೊನೆಯ ಸ್ಥಾನ ಕೊಡುವ ಪಟ್ಟಿಯನ್ನಂತೂ ಹಾಕಲೇಬೇಡಿ. ಸಂಬಳವಿಲ್ಲದ ಕೆಲಸದಲ್ಲಿ ಕೊನೆಯ ಸ್ಥಾನ ಸಿಕ್ಕವರು ಮುಂದಿನ ಸಲ ಫೋನೇ ಎತ್ತುವುದಿಲ್ಲ.

ಚೆನ್ನಾಗಿ ದುಡಿಯುವವರ ಬಗೆಗೂ ಎಚ್ಚರ ಬೇಕು. ಸಮರ್ಥನಾದ ಜೊತೆಗಾರ ಸುಮ್ಮನೆ ಕುಳಿತಿದ್ದಾನೆಂದು ಕಂಡರೆ, ತಮಗೆ ನಷ್ಟವಾದರೂ ಸರಿ, ಅವನ ಹೊರೆ ಹೊರಲಾರೆನೆಂದು ಜನ ತಮ್ಮ ದುಡಿಮೆಯನ್ನೂ ತಗ್ಗಿಸುತ್ತಾರೆಂದು ನಾರ್ಬರ್ಟ್ ಕೆರ್ 1983ರಲ್ಲಿ ತೋರಿಸಿದರು. ಆದರೆ ಕೆಲಸ ತಮಗೆ ಮುಖ್ಯವೆನಿಸಿ, ಜೊತೆಗಾರರು ಕೈಕೊಡುತ್ತಾರೆಂಬ ಅನುಮಾನ ಬಂದರೆ ಕೆಲವರು ಅವರ ಪಾಲನ್ನೂ ಸೇರಿಸಿ ದುಡಿಯುತ್ತಾರೆಂದು 1991ರ ಇನ್ನೊಂದು ಅಧ್ಯಯನ ಹೇಳುತ್ತದೆ. ಎಲ್ಲ ಸಂಘಗಳಲ್ಲೂ ಇಂಥ ಒಬ್ಬರಿರುತ್ತಾರೆ, ಎರಡು ಮೂರು ವರ್ಷ ಎಲ್ಲವನ್ನೂ ಎಳೆದು ಒಂದು ದಿನ ರಾಜೀನಾಮೆ ಕೊಡುತ್ತಾರೆ. ಅವರ ಮೇಲೆ ಹೊರೆ ಬೀಳುತ್ತಿರುವುದು ಕಂಡೊಡನೆ, ಸುಮ್ಮನಿರುವವರನ್ನು ಪ್ರತ್ಯೇಕವಾಗಿ ಕರೆದು ಅವರ ಕೆಲಸವನ್ನು ಇನ್ನೂ ಚಿಕ್ಕದಾಗಿ ಕತ್ತರಿಸಿ ಕೊಡಿ.

ಜೋಡಿ ಮಾಡುವಾಗ 1926ರಲ್ಲಿ ಬರ್ಲಿನಿನ ದೋಣಿ ಕ್ಲಬ್ಬಿನ ಕ್ರೀಡಾಪಟುಗಳ ಮೇಲೆ ಒಟ್ಟೊ ಕೋಲರ್ ನಡೆಸಿದ ಭಾರ ಎತ್ತುವ ಪ್ರಯೋಗವನ್ನು ನೆನೆಯಬಹುದು. ಒಬ್ಬ ಕೈಬಿಟ್ಟರೆ ಇಬ್ಬರ ಆಟವೂ ಮುಗಿಯುವಂತಿದ್ದಾಗ, ಕಡಿಮೆ ಬಲದವನು ಒಬ್ಬನೇ ಇದ್ದಾಗಿಗಿಂತ ಹೆಚ್ಚು ಹೊತ್ತು ತಡೆದುಕೊಂಡ. ಇಬ್ಬರ ಬಲದ ಅಂತರ ತೀರ ಕಡಿಮೆಯೂ ಅಲ್ಲದೆ ತೀರ ಹೆಚ್ಚೂ ಅಲ್ಲದೆ ನಡುಮಟ್ಟದಲ್ಲಿದ್ದಾಗ ಇದು ಚೆನ್ನಾಗಿ ಕಂಡಿತು. ಹತ್ತು ವರ್ಷದ ಅನುಭವಿಯ ಜೊತೆ ನಿನ್ನೆ ಸೇರಿದವರನ್ನು ಹಾಕುವುದಕ್ಕಿಂತ, ಹೋದ ವರ್ಷ ಅದೇ ಕೆಲಸ ಮಾಡಿದವರ ಜೊತೆ ಹಾಕಿ.

ಸಭೆಯಲ್ಲಿ ಮೊದಲು ಬರೆಯಿಸಿ, ಆಮೇಲೆ ಮಾತಾಡಿಸಿ

ಸೆಕ್ಯುರಿಟಿ ಏಜೆನ್ಸಿಯ ಗುತ್ತಿಗೆ ಮುಂದುವರಿಸಬೇಕೋ ಬದಲಿಸಬೇಕೋ ಎಂದು ಸಭೆ ಸೇರಿದೆಯೆಂದುಕೊಳ್ಳಿ. ಅಧ್ಯಕ್ಷರು ಹಿರಿಯರು, ನಿವೃತ್ತ ಅಧಿಕಾರಿ, ಎಲ್ಲರಿಗೂ ಗೌರವವಿದೆ. ‘ನನಗೇನೋ ಈಗಿನವರೇ ಪರವಾಗಿಲ್ಲ ಅನ್ನಿಸುತ್ತೆ. ನಿಮ್ಮೆಲ್ಲರ ಅಭಿಪ್ರಾಯ ಹೇಳಿ’ ಎಂದು ಅವರು ಆರಂಭಿಸುತ್ತಾರೆ. ಚರ್ಚೆ ಮುಗಿದದ್ದು ಅಲ್ಲಿಯೇ. ಅವರ ನಂತರ ಮಾತಾಡುವ ಮೂವರು ಹೂಂಗುಡುತ್ತಾರೆ, ಐದನೆಯವರು ಹತ್ತರ ಜೊತೆ ಹನ್ನೊಂದಾಗುತ್ತಾರೆ. ಹಿಂದಿನ ಸಾಲಿನಲ್ಲಿ, ರಾತ್ರಿ ಪಾಳಿ ಮುಗಿಸಿ ಎರಡು ಗಂಟೆಗೆ ಕ್ಯಾಬಿನಲ್ಲಿ ಬರುವ ಬಾಡಿಗೆದಾರ ಹುಡುಗನೊಬ್ಬ ಕೂತಿದ್ದಾನೆ. ಗೇಟಿನ ಕಾವಲುಗಾರ ಆ ಹೊತ್ತಿನಲ್ಲಿ ನಿದ್ದೆ ಮಾಡುವುದನ್ನು ನೋಡಿರುವವನು ಆ ಸಭೆಯಲ್ಲಿ ಅವನೊಬ್ಬನೇ. ಅವನು ಬಾಯಿಬಿಡುವುದಿಲ್ಲ.

1950ರ ದಶಕದಲ್ಲಿ ಸಾಲಮನ್ ಆ್ಯಶ್ ನಡೆಸಿದ ಪ್ರಯೋಗಗಳಲ್ಲಿ ಕೇಳಿದ ಪ್ರಶ್ನೆ ಇದಕ್ಕಿಂತ ಎಷ್ಟೋ ಸುಲಭದ್ದು: ಈ ಗೆರೆಯಷ್ಟೇ ಉದ್ದದ ಗೆರೆ ಆ ಮೂರರಲ್ಲಿ ಯಾವುದು? ಒಬ್ಬರೇ ಇದ್ದಾಗ ಇದರಲ್ಲಿ ತಪ್ಪುವವರು ಇಲ್ಲವೆನ್ನುವಷ್ಟು ಕಡಿಮೆ. ಗುಂಪಿನಲ್ಲಿ ಕೂರಿಸಿದಾಗ, ಆ್ಯಶ್ ಮೊದಲೇ ಹೇಳಿಕೊಟ್ಟಿದ್ದಂತೆ ಉಳಿದವರೆಲ್ಲ ತಪ್ಪು ಗೆರೆಯನ್ನು ತೋರಿಸಿದರೆ, ಸುಮಾರು ಮೂರನೇ ಒಂದು ಭಾಗದಷ್ಟು ಉತ್ತರಗಳು ಆ ತಪ್ಪನ್ನೇ ಹಿಡಿದವು. ಮುಕ್ಕಾಲು ಪಾಲು ಜನ ಒಂದು ಸಲವಾದರೂ ಗುಂಪಿನ ಜೊತೆ ಹೋದರು. ಸರಿಯಾದ ಉತ್ತರ ಹೇಳುವ ಒಬ್ಬ ಜೊತೆಗಾರ ಸಿಕ್ಕಾಗಲೂ, ಉತ್ತರವನ್ನು ಗಟ್ಟಿಯಾಗಿ ಹೇಳದೆ ಬರೆದುಕೊಡಲು ಬಿಟ್ಟಾಗಲೂ ಈ ತಪ್ಪುಗಳು ಬಹಳ ಇಳಿದವು. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಇನ್ನೊಂದು ಸಂಗತಿಯನ್ನು ತೋರಿಸಿದರು: ಗುಂಪುಗಳು ಎಲ್ಲರಿಗೂ ಮೊದಲೇ ಗೊತ್ತಿರುವುದನ್ನು ಮತ್ತೆ ಮತ್ತೆ ಮಾತಾಡಿ, ಒಬ್ಬರಿಗೆ ಮಾತ್ರ ಗೊತ್ತಿರುವುದನ್ನು ಹೊರತೆಗೆಯದೆಯೇ ತೀರ್ಮಾನಕ್ಕೆ ಬಂದುಬಿಡುತ್ತವೆ. ಬಾಡಿಗೆದಾರ ಹುಡುಗನ ಮೌನಕ್ಕೆ ಈ ಎರಡೂ ಕಾರಣಗಳಿವೆ.

ಹಾಗಾಗಿ ಸಭೆಯನ್ನು ಚೀಟಿಯಿಂದ ಆರಂಭಿಸಿ. ವಿಷಯವನ್ನು ಓದಿ ಹೇಳಿದ ಕೂಡಲೇ, ಯಾರೂ ಮಾತಾಡುವ ಮೊದಲೇ, ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಐದು ನಿಮಿಷ ಬಿಡಿ. ಎರಡು ಪ್ರಶ್ನೆ ಸಾಕು: ನಿಮ್ಮ ಅಭಿಪ್ರಾಯವೇನು, ಬೇರೆಯವರು ನೋಡಿರಲಿಕ್ಕಿಲ್ಲವೆಂದು ನಿಮಗನ್ನಿಸುವ ಯಾವ ಸಂಗತಿಯನ್ನು ನೀವು ನೋಡಿದ್ದೀರಿ. ಹೆಸರು ಬೇಡ, ಭಾಷೆ ಅವರವರದು. ಬೆಂಗಳೂರಿನ ಸಭೆಗಳಲ್ಲಿ ಇದು ಸಣ್ಣ ಮಾತಲ್ಲ. ಇಂಗ್ಲಿಷಿನಲ್ಲಿ ನಡೆಯುವ ಸಭೆಯಲ್ಲಿ ಹಳೆಯ ನಿವಾಸಿಗಳು, ಕನ್ನಡದಲ್ಲಿ ನಡೆಯುವ ಸಭೆಯಲ್ಲಿ ಹೊರಗಿನಿಂದ ಬಂದು ಕನ್ನಡ ಕಲಿಯುತ್ತಿರುವವರು ಸುಮ್ಮನಿರುವುದಕ್ಕೆ ಹೇಳಲು ಏನೂ ಇಲ್ಲದಿರುವುದೇ ಕಾರಣವೆಂದು ತಿಳಿಯಬೇಕಾಗಿಲ್ಲ. ರೂಢಿಯಿಲ್ಲದ ಭಾಷೆಯಲ್ಲಿ ಐವತ್ತು ಜನರೆದುರು ಬಾಯಿ ತೆರೆಯುವುದು ಕಚ್ಚಾ ಆಟಗಾರನನ್ನು ಪ್ರೇಕ್ಷಕರೆದುರು ನಿಲ್ಲಿಸಿದಂತೆಯೇ.

ಚೀಟಿಗಳನ್ನು ಅಧ್ಯಕ್ಷರಲ್ಲದ ಒಬ್ಬರು ಓದಲಿ, ಎರಡನೆಯ ಪ್ರಶ್ನೆಯ ಉತ್ತರಗಳನ್ನು ಮೊದಲು ಓದಲಿ. ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ ಎಷ್ಟಾದರೂ ಸಮಯ ತಾನಾಗಿಯೇ ಸಿಗುತ್ತದೆ. ಮಾತಿನ ಸರದಿ ಬಂದಾಗ ಹೊಸಬರಿಂದ, ಕಿರಿಯರಿಂದ ಆರಂಭಿಸಿ, ಅಧ್ಯಕ್ಷರು ಕೊನೆಗೆ ಮಾತಾಡಲಿ. ಹಿರಿಯರನ್ನು ಕೊನೆಗೆ ಮಾತಾಡಿಸುವುದು ಅಗೌರವವೆಂದು ಯಾರಾದರೂ ಭಾವಿಸುವ ಸಂಭವವಿದ್ದರೆ ಅವರ ಬಳಿ ಸಭೆಗೆ ಮೊದಲೇ ಹೋಗಿ, ‘ಎಲ್ಲರ ಮಾತು ಕೇಳಿದ ಮೇಲೆ ನೀವು ತೀರ್ಮಾನ ಹೇಳಿದರೆ ಅದಕ್ಕೊಂದು ತೂಕ ಇರುತ್ತೆ ಸಾರ್’ ಎಂದು ಕೇಳಿಕೊಳ್ಳಿ. ಬಹುಪಾಲು ಹಿರಿಯರು ಒಪ್ಪುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರೆಂದು ತೋರಿಸುವ ಮತಸಂಗ್ರಹವನ್ನು ಸೂಕ್ಷ್ಮ ವಿಷಯಗಳಿಗೆ ಬಳಸದಿರುವುದು ಮೇಲು. ಮೊದಲ ಹತ್ತು ಹೆಸರುಗಳನ್ನು ನೋಡಿಯೇ ಉಳಿದವರು ಒತ್ತುತ್ತಾರೆ.

ಹೊಸ ಆಲೋಚನೆಗಳು ಬೇಕಾದಾಗಲೂ ಕ್ರಮ ಇದೇ. ಎಲ್ಲರೂ ಒಟ್ಟಿಗೆ ಕುಳಿತು ತೋಚಿದ್ದನ್ನೆಲ್ಲ ಹೇಳುತ್ತ ಹೋದರೆ ಆಲೋಚನೆಗಳ ಮಳೆ ಸುರಿಯುತ್ತದೆಂಬ ನಂಬಿಕೆ ಕಚೇರಿಗಳಲ್ಲಿ ಬಲವಾಗಿದೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದಾಗ, ಒಟ್ಟಿಗೆ ಕುಳಿತ ನಾಲ್ವರಿಗಿಂತ ಬೇರೆಬೇರೆ ಕುಳಿತು ಯೋಚಿಸಿದ ನಾಲ್ವರ ಪಟ್ಟಿಗಳನ್ನು ಸೇರಿಸಿದಾಗಲೇ ಹೆಚ್ಚು ಆಲೋಚನೆಗಳು ಸಿಕ್ಕವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಾಗುತ್ತದೆ, ಕಾಯುವಷ್ಟರಲ್ಲಿ ತಮ್ಮದು ಮರೆತುಹೋಗುತ್ತದೆ ಅಥವಾ ಹೇಳಲು ತಕ್ಕದ್ದಲ್ಲವೆನಿಸುತ್ತದೆ. ನಷ್ಟದ ದೊಡ್ಡ ಪಾಲು ಈ ಕಾಯುವಿಕೆಯದೆಂದು 1987ರ ಅಧ್ಯಯನವೊಂದು ತೋರಿಸಿತು. ಬರೆದುಕೊಂಡು ಬರಲು ಹೇಳಿ; ಆರಿಸಲು ಮಾತ್ರ ಸೇರಿ.

ಒಬ್ಬರನ್ನು ಗುರುತಿಸಿ ಕೇಳಿ

ರಸ್ತೆಯಲ್ಲಿ ದ್ವಿಚಕ್ರ ವಾಹನ ಜಾರಿ ಬಿದ್ದವರ ಸುತ್ತ ಜನ ಸೇರಿದ್ದರೂ ಆಂಬುಲೆನ್ಸಿಗೆ ಯಾರೂ ಕರೆ ಮಾಡಿರುವುದಿಲ್ಲ. 1968ರಲ್ಲಿ ಜಾನ್ ಡಾರ್ಲಿ ಮತ್ತು ಲಾಟನೆ ಇದರ ಕಾರಣವನ್ನು ಪ್ರಯೋಗಶಾಲೆಯಲ್ಲಿ ಹುಡುಕಿದರು. ಇಂಟರ್‌ಕಾಂನಲ್ಲಿ ಒಬ್ಬರಿಗೆ ಫಿಟ್ಸ್ ಬಂದದ್ದು ಕೇಳಿಸಿದಾಗ, ತಾನೊಬ್ಬನೇ ಕೇಳುತ್ತಿದ್ದೇನೆಂದು ತಿಳಿದವರಲ್ಲಿ ಶೇ 85 ಮಂದಿ ಅದು ಮುಗಿಯುವುದರೊಳಗೆ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಎದ್ದವರು ಶೇ 31 ಮಾತ್ರ. ಕಲ್ಲುಮನಸ್ಸಿನಿಂದಲ್ಲ, ಬೇರೆ ಯಾರೋ ಮಾಡಿರುತ್ತಾರೆಂಬ ಎಣಿಕೆಯಿಂದ ಅವರು ಕುಳಿತಿದ್ದರು.

ಅಂಥ ಸ್ಥಳದಲ್ಲಿ ನೀವಿದ್ದರೆ ಗುಂಪನ್ನು ಉದ್ದೇಶಿಸಿ ಕೂಗಬೇಡಿ. ಒಬ್ಬರತ್ತ ಬೆರಳು ತೋರಿಸಿ, ‘ನೀಲಿ ಶರ್ಟಿನವರೇ, 108ಕ್ಕೆ ಕರೆ ಮಾಡಿ, ಮಾತಾಡಿ ಮುಗಿಸಿ ನನಗೆ ಹೇಳಿ’ ಎನ್ನಿ. ಇನ್ನೊಬ್ಬರಿಗೆ, ‘ಆಟೊದವರೇ, ನೀವು ಹಿಂದಿನ ಗಾಡಿಗಳನ್ನು ತಡೆಯಿರಿ’ ಎನ್ನಿ. ಪೊಲೀಸ್ ಠಾಣೆಗೆ ಅಲೆಯಬೇಕಾದೀತೆಂದು ಹಿಂಜರಿಯುವವರಿಗೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಸೇರಿಸಿದ 134ಎ ಕಲಂ ಸದುದ್ದೇಶದಿಂದ ಅಪಘಾತದ ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಡುತ್ತದೆಂದು ತಿಳಿಸಬಹುದು. ಸಂಘದ ದಿನನಿತ್ಯದ ಕೆಲಸಕ್ಕೂ ಇದೇ ರೀತಿ. ‘ಯಾರಾದರೂ ಮೋಟರ್ ಆಫ್ ಮಾಡಿ’ ಎಂಬ ಸಂದೇಶ ಗುಂಪಿಗೆ ಹೋದ ದಿನ ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುತ್ತದೆ.

ಸಮಿತಿ ಬೇಡವಾದ ಕೆಲಸಗಳು

ಕೆಲವು ಕೆಲಸಗಳಿಗೆ ಗುಂಪನ್ನೇ ಕಟ್ಟಬಾರದು. ಜಲಮಂಡಳಿಗೆ ಬರೆಯುವ ಪತ್ರ, ಆಹ್ವಾನ ಪತ್ರಿಕೆ, ವಾರ್ಷಿಕ ವರದಿ ಇಂಥವನ್ನು ಏಳು ಜನ ಕುಳಿತು ವಾಕ್ಯ ವಾಕ್ಯವಾಗಿ ಬರೆಯುವುದನ್ನು ನೋಡಿದವರಿಗೆ ಇದಕ್ಕೆ ಪ್ರಯೋಗದ ಆಧಾರ ಬೇಕಾಗುವುದಿಲ್ಲ. ಒಬ್ಬರು ಮನೆಯಲ್ಲಿ ಕುಳಿತು ಕರಡು ಮಾಡಲಿ, ಇನ್ನೊಬ್ಬರು ಪೆನ್ನು ಹಿಡಿದು ತಿದ್ದಲಿ, ಸಮಿತಿಯ ಉಳಿದವರಿಗೆ ಒಪ್ಪಿಗೆಯೋ ಅಲ್ಲವೋ ಎಂದು ಹೇಳಲು ಒಂದು ದಿನದ ಗಡುವು ಇರಲಿ. ಲೆಕ್ಕಪತ್ರವೂ ಹೀಗೆಯೇ: ಬರೆಯುವವರು ಒಬ್ಬರು, ತಿಂಗಳಿಗೊಮ್ಮೆ ಬಿಲ್ಲುಗಳನ್ನು ಬ್ಯಾಂಕಿನ ಪಾಸ್‌ಬುಕ್ಕಿನೊಂದಿಗೆ ಹೋಲಿಸಿ ಸಹಿ ಹಾಕುವವರು ಇನ್ನೊಬ್ಬರು. ಆಹ್ವಾನ ಪತ್ರಿಕೆಯನ್ನು ಅಚ್ಚಿಗೆ ಕಳಿಸುವ ಮುನ್ನ ಅತಿಥಿಗಳ ಹೆಸರು, ಇನಿಷಿಯಲ್, ಬಿರುದುಗಳನ್ನು ಒಂದೊಂದಾಗಿ ನೋಡುವ ಹೊಣೆಯನ್ನೂ ಒಬ್ಬರಿಗೇ ಕೊಟ್ಟು, ಕರಡಿನ ಅಂಚಿನಲ್ಲಿ ಅವರ ಸಹಿ ಹಾಕಿಸಿಕೊಳ್ಳಿ. ಎಲ್ಲರೂ ನೋಡಿದ್ದಾರೆಂದು ಅಚ್ಚಾದ ಪತ್ರಿಕೆಗಳಲ್ಲಿಯೇ ಮುಖ್ಯ ಅತಿಥಿಯ ಹೆಸರು ತಪ್ಪಾಗಿರುತ್ತದೆ.